ಹೆಣ್ಣು ಗಿಡದಲ್ಲಿ ಗಂಡು ಹೂವು: ಭಂಗಿಯ ತಳಿ ಅಭಿವೃದ್ಧಿ ಮತ್ತು ಬೆಳ್ಳಿಯ ರಸಾಯನ

ದಾಸವಾಳದ ಒಂದೇ ಹೂವಿನಲ್ಲಿ ಪರಾಗ ಸೂಸುವ ಕೇಸರಗಳೂ ಬೀಜ ಕಟ್ಟುವ ಅಂಡಾಶಯವೂ ಇರುತ್ತವೆ. ಕುಂಬಳ, ಸೌತೆಗಳಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆಬೇರೆಯಾದರೂ ಎರಡೂ ಒಂದೇ ಬಳ್ಳಿಯಲ್ಲಿ ಬಿಡುತ್ತವೆ. ಜಾಯಿಕಾಯಿಯಂಥ ಕೆಲವೇ ಸಸ್ಯಗಳಲ್ಲಿ ಮಾತ್ರ ಇಡೀ ಗಿಡವೇ ಗಂಡಾಗಿರುತ್ತದೆ ಅಥವಾ ಹೆಣ್ಣಾಗಿರುತ್ತದೆ. ಹೂ ಬಿಡುವ ಸಸ್ಯಗಳಲ್ಲಿ ನೂರಕ್ಕೆ ಐದಾರರಷ್ಟಿರುವ ಈ ಮೂರನೆಯ ಗುಂಪು ಕೃಷಿಕರಿಗೆ ಎಂದೂ ಸುಲಭದ್ದಾಗಿಲ್ಲ. ಬೀಜದಿಂದ ಎಬ್ಬಿಸಿದ ಜಾಯಿಕಾಯಿ ಸಸಿಯನ್ನು ಆರೇಳು ವರ್ಷ ಸಾಕಿದ ಮೇಲೆ ಅದು ಗಂಡೆಂದು ತಿಳಿದು ಕಡಿದುಹಾಕುವ ಕಷ್ಟ ಮಲೆನಾಡಿನ ತೋಟಗಾರರಿಗೆ ಗೊತ್ತಿರುವಂಥದ್ದೇ. ಇದೇ ಗುಂಪಿಗೆ ಸೇರಿದ ಇನ್ನೊಂದು ಸಸ್ಯವೆಂದರೆ ಭಂಗಿ. ನಾರು, ಬೀಜ, ಔಷಧ, ಅಮಲು ಎಂಬ ನಾಲ್ಕು ಕಾರಣಗಳಿಗಾಗಿ ಮನುಷ್ಯರು ಸಾವಿರಾರು ವರ್ಷಗಳಿಂದ ಬೆಳೆಸುತ್ತ ಬಂದ ಈ ಗಿಡದ ಲಿಂಗವನ್ನು ಬಲ್ಲವರು ಬೇಗ ಗುರುತಿಸುತ್ತಾರೆ, ಆದರೆ ಬೀಜ ಬಿತ್ತುವಾಗಲೇ ಅದನ್ನು ನಿಗದಿಮಾಡುವ ದಾರಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೂ ಯಾರಿಗೂ ಸಿಕ್ಕಿರಲಿಲ್ಲ. ಆ ದಾರಿಯನ್ನು ತೆರೆದ ಪ್ರಯೋಗಗಳಲ್ಲಿ ಮುಖ್ಯವಾದವು ದೆಹಲಿಯಲ್ಲಿ, ಮೈಸೂರಿನಲ್ಲಿ ಹುಟ್ಟಿದ ಒಬ್ಬ ಸಸ್ಯವಿಜ್ಞಾನಿಯ ನೇತೃತ್ವದಲ್ಲಿ ನಡೆದವು.

ಗಿಡದ ಎರಡು ರೂಪ

ಲಿನ್ನೇಯಸ್ 1753ರಲ್ಲಿ ಕ್ಯಾನಬಿಸ್ ಸಟೈವಾ ಎಂದು ಹೆಸರಿಟ್ಟ ಈ ಸಸ್ಯ, ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯ ಹತ್ತಿರದ ಸಂಬಂಧಿ. ಕನ್ನಡದಲ್ಲಿ ಇದರ ಎಲೆಗೆ ಭಂಗಿ ಸೊಪ್ಪೆಂದೂ, ಹೆಣ್ಣು ಗಿಡದ ಹೂಗೊಂಚಲಿಗೆ ಗಾಂಜಾ ಎಂದೂ, ಅದರ ಅಂಟಿಗೆ ಚರಸ್ ಎಂದೂ ಹೇಳುವ ರೂಢಿಯಿದೆ. ಎಳೆಯ ಗಿಡಗಳಲ್ಲಿ ಗಂಡು ಹೆಣ್ಣುಗಳ ವ್ಯತ್ಯಾಸ ಕಾಣುವುದಿಲ್ಲ. ಹೂ ಬಿಡುವ ಕಾಲ ಸಮೀಪಿಸಿದಾಗ ಎಲೆಯ ತೊಟ್ಟು ಕಾಂಡಕ್ಕೆ ಕೂಡುವ ಗೆಣ್ಣಿನಲ್ಲಿ ಅದು ಬಯಲಾಗುತ್ತದೆ. ಗಂಡು ಗಿಡದ ಗೆಣ್ಣಿನಲ್ಲಿ ಸಣ್ಣ ತೊಟ್ಟಿನ ಮೇಲೆ ಜೋತುಬಿದ್ದ ಹಸಿರು ಮೊಗ್ಗು ಮೂಡಿ, ಅರಳಿದಾಗ ಐದು ದಳಗಳು ಹಿಂದಕ್ಕೆ ಮಡಿಸಿಕೊಂಡು ಐದು ಕೇಸರಗಳು ಕೆಳಗೆ ತೂಗಾಡುತ್ತವೆ, ಗಾಳಿ ಸುಳಿದರೆ ಸಾಕು, ಹಳದಿ ಪರಾಗ ಧೂಳಿನಂತೆ ಹಾರುತ್ತದೆ. ಹೆಣ್ಣು ಹೂವಿಗೆ ದಳದ ಸೊಬಗಿಲ್ಲ. ಹಸಿರು ಸಿಪ್ಪೆಯಂಥ ಒಂದು ಪುಟ್ಟ ಹೊದಿಕೆಯೊಳಗಿಂದ ಎರಡು ಬಿಳಿಯ ಎಳೆಗಳು ಹೊರಚಾಚಿರುತ್ತವೆ, ಅಷ್ಟೆ. ಪರಾಗವನ್ನು ಹಿಡಿಯುವ ಆ ಎಳೆಗಳೇ ಶಲಾಕಾಗ್ರಗಳು, ಹೊದಿಕೆಯ ಮೇಲಿನ ಸೂಕ್ಷ್ಮ ರೋಮಗಳ ತುದಿಯಲ್ಲಿ ಹನಿಹನಿಯಾಗಿ ಕೂಡುವುದೇ ಅಂಟು. ಔಷಧೀಯ ಗುಣವಿರುವ ರಾಸಾಯನಿಕಗಳೂ ಅಮಲೇರಿಸುವ ಟಿಎಚ್‌ಸಿಯೂ ಹೆಚ್ಚಾಗಿ ಇರುವುದು ಈ ಅಂಟಿನಲ್ಲೇ.

ಹೆಣ್ಣು ಹೂವಿಗೆ ಪರಾಗ ತಗುಲಿದರೆ ಗಿಡದ ಶಕ್ತಿಯೆಲ್ಲ ಬೀಜ ಕಟ್ಟುವತ್ತ ತಿರುಗಿ, ಹೊಸ ಹೂವುಗಳೂ ಅವುಗಳೊಡನೆ ಅಂಟೂ ಕಡಿಮೆಯಾಗುತ್ತವೆ. ಆದ್ದರಿಂದ ಅಂಟಿಗಾಗಿ ಬೆಳೆಯುವವರು ಗಂಡು ಗಿಡಗಳನ್ನು ಹೊಲದಿಂದ ಕಿತ್ತುಹಾಕುವ ಪದ್ಧತಿ ಹಳೆಯದು. ಈಗ ಬಾಂಗ್ಲಾದೇಶದಲ್ಲಿರುವ ನಾವ್‌ಗಾಂವ್ ಸೀಮೆಯಲ್ಲಿ ಬ್ರಿಟಿಷ್ ಸರ್ಕಾರದ ಪರವಾನಗಿಯ ಮೇಲೆ ಗಾಂಜಾ ಬೆಳೆಯುತ್ತಿದ್ದ ಕಾಲದಲ್ಲಿ ಗಂಡು ಗಿಡಗಳನ್ನು ಗುರುತಿಸಿ ತೆಗೆಸುವುದಕ್ಕೆಂದೇ ಪೋದ್ದಾರ್ ಎಂದು ಕರೆಸಿಕೊಳ್ಳುತ್ತಿದ್ದ ತಜ್ಞರಿದ್ದರು. 1893-94ರ ಭಾರತೀಯ ಗಾಂಜಾ ಆಯೋಗದ ವರದಿಯಲ್ಲಿ ಅವರು ‘ಗಾಂಜಾ ವೈದ್ಯ’ರೆಂದು ಕಾಣಿಸಿಕೊಳ್ಳುತ್ತಾರೆ. ಯುರೋಪಿನ ನಾರು ಬೆಳೆಗಾರರು ಮಾತ್ರ ಶತಮಾನಗಳ ಕಾಲ ಲಿಂಗವನ್ನು ತಿರುಗುಮುರುಗಾಗಿ ಹೇಳುತ್ತಿದ್ದರು. ಗಟ್ಟಿಮುಟ್ಟಾಗಿ ಬೆಳೆದು ಬೀಜ ಕೊಡುವ ಹೆಣ್ಣು ಗಿಡ ಅವರ ಬಾಯಲ್ಲಿ ‘ಗಂಡು’, ತೆಳ್ಳಗೆ ಬೆಳೆದು ಪರಾಗ ಚೆಲ್ಲಿ ಬೇಗ ಒಣಗುವ ಗಂಡು ಗಿಡ ‘ಹೆಣ್ಣು’. ಇಂಗ್ಲಿಷಿನಲ್ಲಿ ಗಂಡು ಗಿಡದ ನಾರಿಗೆ ಬಂದ ‘ಫಿಂಬಲ್’ ಎಂಬ ಹಳೆಯ ಹೆಸರಿನ ಮೂಲವೂ ಹೆಣ್ಣು ಎಂಬ ಅರ್ಥದ ಪದವೇ. ಸಸ್ಯಗಳಿಗೂ ಲಿಂಗವಿದೆಯೆಂದು ಪ್ರಯೋಗದಿಂದ ತೋರಿಸಿಕೊಟ್ಟವರು ಜರ್ಮನಿಯ ಟ್ಯೂಬಿಂಗನ್ನಿನ ರುಡಾಲ್ಫ್ ಕಮೆರಾರಿಯಸ್. 1694ರಲ್ಲಿ ಅವರು ಪ್ರಕಟಿಸಿದ ಪತ್ರರೂಪದ ಗ್ರಂಥದಲ್ಲಿ ಈ ಪ್ರಯೋಗಗಳಿವೆ. ಹಿಪ್ಪುನೇರಳೆ, ಹರಳು, ಮುಸುಕಿನ ಜೋಳದಂಥ ಗಿಡಗಳು ಪರಾಗವಿಲ್ಲದೆ ಬೀಜ ಕಟ್ಟಲಾರವೆಂದು ಕಂಡ ಅವರಿಗೆ ಭಂಗಿ ಮಾತ್ರ ತಲೆನೋವಾಯಿತು, ಏಕೆಂದರೆ ಗಂಡು ಗಿಡಗಳಿಂದ ದೂರವಿಟ್ಟ ಹೆಣ್ಣು ಗಿಡದಲ್ಲೂ ಬೀಜಗಳು ಸಿಕ್ಕವು. ಪರಾಗ ಗಾಳಿಯಲ್ಲಿ ಬಹುದೂರ ಸಾಗುವುದು ಇದಕ್ಕೊಂದು ಕಾರಣವಾಗಿರಬಹುದು. ಹೆಣ್ಣು ಗಿಡವೇ ಆಗಾಗ ತಾನಾಗಿ ಒಂದೆರಡು ಗಂಡು ಹೂಗಳನ್ನು ಬಿಡುವುದು ಇನ್ನೊಂದಾಗಿರಬಹುದು. ಆ ಎರಡನೆಯ ಗುಣವೇ ಮುಂದೆ ತಳಿವಿಜ್ಞಾನಿಗಳಿಗೆ ಉಪಯೋಗಕ್ಕೆ ಬಂದಿತು.

ರಾತ್ರಿಯ ಲೆಕ್ಕ

ರಾಸಾಯನಿಕಗಳ ಕಡೆಗೆ ಬರುವ ಮೊದಲು ಬೆಳಕಿನ ಮಾತನ್ನು ಮುಗಿಸಬೇಕು, ಏಕೆಂದರೆ ಭಂಗಿ ಯಾವಾಗ ಹೂ ಬಿಡಬೇಕೆಂಬುದನ್ನು ನಿರ್ಧರಿಸುವುದು ಬೆಳಕೇ. ಫ್ರಾನ್ಸಿನ ಜೂಲಿಯೆಂ ಟೂರ್ನ್ವಾ ಎಂಬ ಸಸ್ಯವಿಜ್ಞಾನಿ 1912ರಿಂದ 1914ರ ನಡುವೆ ಹಾಪ್ಸ್ ಮತ್ತು ಭಂಗಿ ಸಸಿಗಳ ಮೇಲೆ ಬೀಳುವ ಹಗಲ ಬೆಳಕನ್ನು ದಿನಕ್ಕೆ ಕೆಲವೇ ಗಂಟೆಗಳಿಗೆ ಇಳಿಸಿ, ಅವು ಮೊಳಕೆಯೊಡೆದ ಕೆಲವೇ ವಾರಗಳಲ್ಲಿ ಹೂ ಬಿಟ್ಟದ್ದನ್ನು ಕಂಡರು. ಹೂವನ್ನು ಹೊರಡಿಸುವುದು ಹಗಲು ಮೊಟಕಾದದ್ದಕ್ಕಿಂತ ಹೆಚ್ಚಾಗಿ ರಾತ್ರಿ ಉದ್ದವಾದದ್ದು ಎಂಬ ಸೂಚನೆಯೂ ಅವರ ಬರಹದಲ್ಲಿತ್ತು. ಮೊದಲ ಮಹಾಯುದ್ಧದ ಆರಂಭದಲ್ಲೇ ಅವರು ಸಾವಿಗೀಡಾದ್ದರಿಂದ ಆ ಕೆಲಸ ಅಲ್ಲಿಗೇ ನಿಂತಿತು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲರ್ಡ್ ತಂಬಾಕು, ಸೋಯಾ ಗಿಡಗಳಲ್ಲಿ ಅದೇ ತತ್ವವನ್ನು ವಿವರವಾಗಿ ಸ್ಥಾಪಿಸಿದರು. ಭಂಗಿ ಈ ಲೆಕ್ಕದಲ್ಲಿ ‘ಅಲ್ಪದಿನ’ ಸಸ್ಯ, ಎಂದರೆ ಹಗಲು ಮೊಟಕಾಗಿ ರಾತ್ರಿ ಬೆಳೆಯುತ್ತ ಹೋದಾಗ ಹೂ ಬಿಡುವಂಥದ್ದು. ಕಾಲವನ್ನು ರಾತ್ರಿ ನಿಶ್ಚಯಿಸುತ್ತದೆ. ಬಿಡುವ ಹೂವು ಯಾವ ಲಿಂಗದ್ದೆಂಬುದು ವರ್ಣತಂತು ಮತ್ತು ಹಾರ್ಮೋನುಗಳಿಗೆ ಸೇರಿದ ವಿಷಯ.

ಬರಹ ಒಂದು, ಓದು ಇನ್ನೊಂದು

ಭಂಗಿಯ ಪ್ರತಿ ಜೀವಕೋಶದಲ್ಲಿ ಇಪ್ಪತ್ತು ವರ್ಣತಂತುಗಳಿದ್ದು, ಅವುಗಳಲ್ಲಿ ಒಂದು ಜೋಡಿ ಲಿಂಗಕ್ಕೆ ಸಂಬಂಧಿಸಿದ್ದು. ಮನುಷ್ಯರಲ್ಲಿರುವಂತೆ ಇಲ್ಲೂ ಎರಡು ಎಕ್ಸ್ ವರ್ಣತಂತುಗಳಿದ್ದರೆ ಹೆಣ್ಣು, ಒಂದು ಎಕ್ಸ್, ಒಂದು ವೈ ಇದ್ದರೆ ಗಂಡು. ಆದರೆ ಪ್ರಾಣಿಗಳಿಗೂ ಗಿಡಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ: ಪ್ರಾಣಿಯ ಜನನಾಂಗ ಭ್ರೂಣದಲ್ಲೇ ಒಮ್ಮೆ ರೂಪುಗೊಂಡರೆ ಮುಗಿಯಿತು, ಗಿಡವಾದರೋ ತನ್ನ ಜೀವಮಾನದುದ್ದಕ್ಕೂ ಕುಡಿಯಿಂದ ಕುಡಿಗೆ ಹೊಸ ಹೂವುಗಳನ್ನು ಕಟ್ಟುತ್ತ ಹೋಗುತ್ತದೆ. ಪ್ರತಿ ಮೊಗ್ಗಿನಲ್ಲೂ ಕೇಸರ ಬೆಳೆಯಬೇಕೋ ಅಂಡಾಶಯ ಬೆಳೆಯಬೇಕೋ ಎಂಬುದು ಹೊಸದಾಗಿ ತೀರ್ಮಾನವಾಗಬೇಕಾಗುತ್ತದೆ, ಮತ್ತು ವರ್ಣತಂತುವಿನಲ್ಲಿ ಬರೆದದ್ದನ್ನು ಆ ಮೊಗ್ಗಿಗೆ ಓದಿ ಹೇಳುವ ಕೆಲಸ ಸಸ್ಯ ಹಾರ್ಮೋನುಗಳದ್ದು. ಹಾರ್ಮೋನೆಂದರೆ ಗಿಡದ ಒಂದು ಭಾಗದಲ್ಲಿ ತೀರ ಕಡಿಮೆ ಪ್ರಮಾಣದಲ್ಲಿ ತಯಾರಾಗಿ ಇನ್ನೊಂದು ಭಾಗದ ಬೆಳವಣಿಗೆಯನ್ನು ನಡೆಸುವ ವಸ್ತು. ಹೊರಗಿನಿಂದ ಅದನ್ನು ಕೊಟ್ಟರೆ, ಅಥವಾ ಒಳಗಿನದಕ್ಕೆ ತಡೆಹಾಕಿದರೆ, ಬರಹ ಹಾಗೆಯೇ ಉಳಿದು ಓದು ಮಾತ್ರ ಬದಲಾಗುತ್ತದೆ.

ಇದಕ್ಕೆ ಮೊದಲ ಸ್ಪಷ್ಟ ಸಾಕ್ಷ್ಯ ಒದಗಿದ್ದು 1956ರಲ್ಲಿ. ಬ್ರಿಟಿಷ್ ವಿಜ್ಞಾನಿ ಜಾನ್ ಹೆಸ್ಲಪ್-ಹ್ಯಾರಿಸನ್ ಗಂಡು ಭಂಗಿ ಗಿಡಗಳಿಗೆ ಆಕ್ಸಿನ್ ಜಾತಿಯ ಹಾರ್ಮೋನನ್ನು ಲೇಪಿಸಿ, ಅವುಗಳಲ್ಲಿ ಹೆಣ್ಣು ಹೂ ಮೂಡುವುದನ್ನು ತೋರಿಸಿದರು. ಈ ಎಳೆಯನ್ನು ಹಿಡಿದು ಮುಂದಕ್ಕೆ ಹೋದದ್ದು ದೆಹಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನ ವಿಭಾಗದ ಎಚ್. ವೈ. ಮೋಹನ ರಾಮ್ ಅವರ ಪ್ರಯೋಗಾಲಯ. 1930ರಲ್ಲಿ ಮೈಸೂರಿನಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡ ಮೋಹನ ರಾಮ್, ವಾಗ್ಗೇಯಕಾರ ಎಚ್. ಯೋಗಾನರಸಿಂಹಂ ಅವರ ಮಗ ಮತ್ತು ಪತ್ರಕರ್ತ ಎಚ್. ವೈ. ಶಾರದಾ ಪ್ರಸಾದ್ ಅವರ ತಮ್ಮ. 1970ರಲ್ಲಿ ಅವರೂ ವಿ. ಎಸ್. ಜೈಸ್ವಾಲ್ ಅವರೂ ಗಂಡು ಭಂಗಿ ಗಿಡಗಳಿಗೆ ಎಥೆಫಾನ್ ಎಂಬ ರಾಸಾಯನಿಕವನ್ನು ಕೊಟ್ಟು ಹೆಣ್ಣು ಹೂ ಬಿಡಿಸಿದ್ದನ್ನು ವರದಿ ಮಾಡಿದರು. ಎರಡು ವರ್ಷಗಳ ನಂತರ ಇದಕ್ಕೆ ಮರುಮುಖದ ಪ್ರಯೋಗ ಪ್ರಕಟವಾಯಿತು: ಜಿಬ್ಬರೆಲಿನ್ ಹಾರ್ಮೋನು ಹೆಣ್ಣು ಗಿಡದಲ್ಲಿ ಗಂಡು ಹೂ ಹೊರಡಿಸಿತು, ಅಬ್ಸಿಸಿಕ್ ಆಮ್ಲವೆಂಬ ಇನ್ನೊಂದು ಹಾರ್ಮೋನು ಆ ಪರಿಣಾಮವನ್ನು ತಡೆಯಿತು.

ಇಲ್ಲಿ ಹೆಸರಿಸಿದ ಎಥೆಫಾನ್, ಜಿಬ್ಬರೆಲಿನ್ ಎರಡೂ ಕನ್ನಡದ ರೈತರಿಗೆ ಬೇರೆ ಬೇರೆ ವೇಷದಲ್ಲಿ ಪರಿಚಿತವೇ. ಎಥೆಫಾನ್ ಗಿಡದೊಳಗೆ ಹೋಗಿ ಒಡೆದಾಗ ಎಥಿಲೀನ್ ಎಂಬ ಅನಿಲ ಹೊರಬರುತ್ತದೆ. ಬೀದಿದೀಪಗಳಲ್ಲಿ ಉರಿಸುತ್ತಿದ್ದ ಅನಿಲದಲ್ಲಿನ ಈ ಅಂಶವೇ ಗಿಡಗಳ ಬೆಳವಣಿಗೆಯನ್ನು ಕೆಡಿಸುತ್ತದೆಂದು 1901ರಲ್ಲಿ ರಷ್ಯಾದ ದಿಮಿತ್ರಿ ನೆಲ್ಯುಬೊವ್ ಬಟಾಣಿ ಸಸಿಗಳ ಮೇಲಿನ ಪ್ರಯೋಗದಿಂದ ಕಂಡುಕೊಂಡರು. ಹೊಗೆ ಹಾಕಿ ಬಾಳೆಗೊನೆ ಹಣ್ಣುಮಾಡುವ ಹಳ್ಳಿಯ ಉಪಾಯದ ಹಿಂದೆ ಇರುವುದೂ ಅದೇ ಅನಿಲ. ಅನಾನಸ್ ಬೆಳೆಗಾರರು ತೋಟದ ಗಿಡಗಳೆಲ್ಲ ಒಟ್ಟಿಗೆ ಹೂ ಬಿಡಲೆಂದು ಸುಳಿಗೆ ಹೊಯ್ಯುವ ‘ಎಥ್ರೆಲ್’ ಎಥೆಫಾನಿನ ವ್ಯಾಪಾರನಾಮ. ದ್ರಾಕ್ಷಿಯ ಗೊಂಚಲನ್ನು ಅದ್ದುವ ‘ಜಿಎ’ ದ್ರಾವಣವೇ ಜಿಬ್ಬರೆಲಿನ್. ಭತ್ತದ ಪೈರು ಸೊರಗಿ ಉದ್ದುದ್ದ ಬೆಳೆದು ಬೀಳುವ ‘ಹುಚ್ಚು ಸಸಿ’ ರೋಗಕ್ಕೆ ಕಾರಣವಾದ ಶಿಲೀಂಧ್ರವು ಸೂಸುವ ವಸ್ತುವೇ ಈ ಬೆಳವಣಿಗೆಯನ್ನು ಉಂಟುಮಾಡುತ್ತದೆಂದು 1926ರಲ್ಲಿ ಜಪಾನಿನ ಕುರೊಸಾವಾ ತೋರಿಸಿದರು, ಆ ಶಿಲೀಂಧ್ರದ ಹೆಸರಿನಿಂದಲೇ ಜಿಬ್ಬರೆಲಿನ್ ಎಂಬ ಹೆಸರು ಬಂತು. ಹೀಗೆ ಭಂಗಿಯಲ್ಲಿ ಎಥಿಲೀನ್ ಹೆಣ್ಣುತನದ ಕಡೆಗೂ ಜಿಬ್ಬರೆಲಿನ್ ಗಂಡುತನದ ಕಡೆಗೂ ಮೊಗ್ಗನ್ನು ಎಳೆಯುತ್ತವೆ. ಆದರೆ ಇದನ್ನು ಸಸ್ಯಲೋಕದ ಸಾಮಾನ್ಯ ನಿಯಮವೆಂದು ತಿಳಿಯುವಂತಿಲ್ಲ. ಮುಸುಕಿನ ಜೋಳದಲ್ಲಿ ಜಿಬ್ಬರೆಲಿನ್ ಹೆಣ್ಣು ಹೂವಿನ ಪರವಾಗಿ ಕೆಲಸ ಮಾಡುತ್ತದೆ.

ಬೆಳ್ಳಿಯ ಪ್ರವೇಶ

ಹೆಣ್ಣು ಗಿಡದಲ್ಲಿ ಗಂಡು ಹೂ ಬೇಕೆಂದಾದರೆ ಎರಡು ದಾರಿಗಳು: ಜಿಬ್ಬರೆಲಿನ್ ಹೆಚ್ಚಿಸುವುದು, ಇಲ್ಲವೇ ಎಥಿಲೀನನ್ನು ಕಟ್ಟಿಹಾಕುವುದು. ಜಿಬ್ಬರೆಲಿನ್ ಕೊಟ್ಟ ಗಿಡಗಳು ಗೆಣ್ಣಿನಿಂದ ಗೆಣ್ಣಿಗೆ ವಿಪರೀತ ಉದ್ದವಾಗುತ್ತವೆ, ಸಿಗುವ ಪರಿಣಾಮವೂ ಏಕರೀತಿಯಾಗಿರುವುದಿಲ್ಲ. ಎರಡನೆಯ ದಾರಿಗೆ ಬೇಕಾದ ಸಾಧನ 1976ರಲ್ಲಿ ದೊರಕಿತು. ಅಮೆರಿಕದ ಎಲ್ಮೊ ಬೇಯರ್ ಬೆಳ್ಳಿಯ ಅಯಾನು, ಎಂದರೆ ವಿದ್ಯುದಾವೇಶ ಹೊತ್ತ ಬೆಳ್ಳಿಯ ಪರಮಾಣು, ಎಥಿಲೀನಿನ ಪರಿಣಾಮವನ್ನು ತೀರ ಕಡಿಮೆ ಪ್ರಮಾಣದಲ್ಲೇ ತಡೆಯಬಲ್ಲದೆಂದು ಕಂಡುಹಿಡಿದರು. ಇದರ ಕಾರಣ ತಿಳಿಯಲು ಮತ್ತೆರಡು ದಶಕಗಳು ಬೇಕಾದವು. ಜೀವಕೋಶದಲ್ಲಿ ಎಥಿಲೀನನ್ನು ಗುರುತಿಸುವ ಗ್ರಾಹಕವೆಂಬ ಪ್ರೋಟೀನು ಇದ್ದು, ಅದರ ನಡುವೆ ತಾಮ್ರದ ಅಯಾನೊಂದು ಕುಳಿತಿರುತ್ತದೆ. ಎಥಿಲೀನ್ ಬಂದು ಅಂಟಿಕೊಳ್ಳುವುದು ಆ ತಾಮ್ರಕ್ಕೆ. ಬೆಳ್ಳಿ ಬಂದು ತಾಮ್ರದ ಜಾಗವನ್ನು ಹಿಡಿದರೆ ಅನಿಲ ಅಂಟಿಕೊಂಡರೂ ಸುದ್ದಿ ಒಳಗೆ ಹೋಗುವುದಿಲ್ಲ. ಬೀಗದ ಕಣ್ಣಿಗೆ ಕೀಲಿ ಹೊಕ್ಕರೂ ತಿರುಗದಿರುವಂಥ ಸ್ಥಿತಿ ಅದು.

ಬೆಳ್ಳಿಯನ್ನು ಬೆಳ್ಳಿ ನೈಟ್ರೇಟಿನ ರೂಪದಲ್ಲಿ ಕೊಟ್ಟರೆ ಅದು ಗಿಡದಲ್ಲಿ ಹೆಚ್ಚು ದೂರ ಸಾಗುವುದಿಲ್ಲ, ಎಲೆಯನ್ನು ಸುಡುವುದೂ ಉಂಟು. ಕಾರ್ನೇಷನ್ ಹೂಗಳು ಬಾಡದಂತೆ ಕಾಪಾಡುವ ವಿಧಾನ ಹುಡುಕುತ್ತಿದ್ದ ನೆದರ್ಲೆಂಡ್ಸಿನ ಸಂಶೋಧಕರು 1978ರಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡರು: ಬೆಳ್ಳಿಯನ್ನು ಥಯೋಸಲ್ಫೇಟಿನೊಡನೆ ಬೆಸೆದರೆ ಅದು ಕಾಂಡದಲ್ಲಿ ಸರಾಗವಾಗಿ ಮೇಲೇರುತ್ತದೆ. ಮೋಹನ ರಾಮ್ ಮತ್ತು ಆರ್. ಸೆಟ್ 1982ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಎರಡೂ ರೂಪಗಳನ್ನು ಹೆಣ್ಣು ಭಂಗಿ ಗಿಡದ ಕುಡಿಯ ಮೇಲೆ ಹೋಲಿಸಿ ನೋಡಲಾಗಿದೆ. ಫಲಿತಾಂಶ ಒಂದೇ ಬಗೆಯದಾಗಿರಲಿಲ್ಲ ಎಂಬುದೇ ಅದರ ಸ್ವಾರಸ್ಯ. ಹೊಸದಾಗಿ ಚಿಗುರಿದ ಪಕ್ಕದ ಕೊಂಬೆಗಳಲ್ಲಿ ಕೆಲವು ಹೂವುಗಳು ಕುಗ್ಗಿದ ಗಂಡು ಹೂಗಳಾಗಿದ್ದವು, ಕೆಲವು ಎರಡೂ ಲಿಂಗದ ಲಕ್ಷಣ ಹೊತ್ತ ನಡುವಣ ರೂಪಗಳಾಗಿದ್ದವು, ಉಳಿದವು ಪೂರ್ಣ ಮಾರ್ಪಟ್ಟ ಗಂಡು ಹೂಗಳು. ಪ್ರಮಾಣ ಕಡಿಮೆಯಾದರೆ ಬೆಳ್ಳಿ ನೈಟ್ರೇಟು ಏನೂ ಮಾಡಲಿಲ್ಲ, ಮಿತಿ ಮೀರಿದಾಗ ಗಿಡಕ್ಕೆ ವಿಷವಾಯಿತು. ಥಯೋಸಲ್ಫೇಟ್ ರೂಪವೇ ಹೆಚ್ಚು ಪರಿಣಾಮಕಾರಿಯೆಂದು ಕಂಡುಬಂತು. ಎಲ್ಲಕ್ಕಿಂತ ಮುಖ್ಯವಾಗಿ, ಹಾಗೆ ಹುಟ್ಟಿದ ಗಂಡು ಹೂವಿನ ಪರಾಗಕ್ಕೆ ಜೀವವಿತ್ತು. ಅದು ಶಲಾಕಾಗ್ರದ ಮೇಲೆ ಮೊಳೆತು ಬೀಜ ಕಟ್ಟಿಸಿತು. ಹೆಣ್ಣು ಗಿಡಗಳನ್ನೇ ಕೊಡುವ ಬೀಜವನ್ನು ಪಡೆಯಲು ಈ ವಿಧಾನ ನೆರವಾಗುತ್ತದೆಂದು ಲೇಖಕರು ಅಲ್ಲೇ ಹೇಳಿದ್ದರು.

ಲೆಕ್ಕಾಚಾರ ಮತ್ತು ಅದರ ಬೆಲೆ

ಆ ಮಾತಿನ ಹಿಂದಿನ ಗಣಿತ ಸರಳ. ಸಾಮಾನ್ಯ ಗಂಡು ಗಿಡದ ಪರಾಗಕಣಗಳಲ್ಲಿ ಅರ್ಧಕ್ಕೆ ಎಕ್ಸ್, ಅರ್ಧಕ್ಕೆ ವೈ ಇರುವುದರಿಂದ ಸಂತಾನದಲ್ಲಿ ಗಂಡು ಹೆಣ್ಣುಗಳು ಹೆಚ್ಚುಕಡಿಮೆ ಸಮನಾಗಿ ಹುಟ್ಟುತ್ತವೆ. ಬೆಳ್ಳಿಯ ಪ್ರಭಾವದಿಂದ ಹೆಣ್ಣು ಗಿಡ ಬಿಟ್ಟ ಗಂಡು ಹೂವಿನಲ್ಲಾದರೋ ವೈ ಎಲ್ಲಿಂದಲೂ ಬರುವಂತಿಲ್ಲ. ಹೂವಿನ ರೂಪ ಗಂಡಿನದಾದರೂ ಅದರ ಪ್ರತಿ ಪರಾಗಕಣವೂ ಎಕ್ಸ್ ಅನ್ನೇ ಹೊತ್ತಿರುತ್ತದೆ. ಆ ಪರಾಗವನ್ನು ಇನ್ನೊಂದು ಹೆಣ್ಣು ಗಿಡಕ್ಕೆ ಸೋಕಿಸಿದರೆ ಹುಟ್ಟುವ ಬೀಜಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ರಾಸಾಯನಿಕವು ವರ್ಣತಂತುವನ್ನೂ ಬದಲಿಸಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಹೂವು ಬದಲಾಗಿ ವಂಶ ಬದಲಾಗದೆ ಉಳಿಯುವ ಆ ಅಂತರವೇ ತಳಿಗಾರರ ಬಂಡವಾಳ. ಇಂಥ ಗಿಡದ ಎಲೆಯನ್ನು ಡಿಎನ್‌ಎ ಪರೀಕ್ಷೆಗೆ ಒಡ್ಡಿದರೆ, ಗಂಡು ಹೂಗಳಿಂದ ತುಂಬಿದ್ದರೂ ಅದು ಹೆಣ್ಣೆಂದೇ ಉತ್ತರ ಬರುತ್ತದೆ.

ಈ ಬಂಡವಾಳಕ್ಕೆ ಬಡ್ಡಿಯೂ ಇದೆ. ಒಂದೇ ಗಿಡದ ಪರಾಗದಿಂದ ಅದೇ ಗಿಡದ ಹೂವನ್ನು ಫಲಿಸುತ್ತ ಹೋದರೆ, ಗಾಳಿಯ ಮೂಲಕ ಬೆರೆತು ಬದುಕುವ ಸ್ವಭಾವದ ಈ ಸಸ್ಯ ತಲೆಮಾರಿನಿಂದ ತಲೆಮಾರಿಗೆ ಕುಗ್ಗುತ್ತದೆ. ಆದ್ದರಿಂದ ಎರಡು ಬೇರೆ ತಳಿಗಳ ಹೆಣ್ಣುಗಳನ್ನು ಕೂಡಿಸುವುದು ರೂಢಿ. ಇನ್ನೊಂದು ಅಪಾಯ ಆಯ್ಕೆಯದು. ಬರ, ಬಿಸಿ, ರಾತ್ರಿಯಲ್ಲಿ ಬೀಳುವ ಬೆಳಕು ಮುಂತಾದ ಒತ್ತಡಕ್ಕೆ ತಾನಾಗಿ ಗಂಡು ಹೂ ಬಿಡುವ ಹೆಣ್ಣು ಗಿಡದಿಂದ ಪರಾಗ ಪಡೆಯುವುದು ಸುಲಭವೆನಿಸಿದರೂ, ಆ ಚಂಚಲತೆಯೂ ಬೀಜದೊಡನೆ ಇಳಿದುಬರುತ್ತದೆ. ಯಾವ ಒತ್ತಡಕ್ಕೂ ಮಣಿಯದೆ ಬೆಳ್ಳಿಗೆ ಮಾತ್ರ ಮಣಿಯುವ ಗಿಡವನ್ನು ಆರಿಸುವುದರಲ್ಲಿ ತಳಿಗಾರರ ಜಾಣ್ಮೆಯಿದೆ. ಕೊನೆಯದಾಗಿ, ಬೆಳ್ಳಿ ಭಾರಲೋಹ; ಅದನ್ನು ಪಡೆದ ಗಿಡ ಬೀಜ ಮತ್ತು ಪರಾಗದ ಸಲುವಾಗಿ ಮಾತ್ರ ಇರತಕ್ಕದ್ದು, ಅದು ಸೇವನೆಗೆ ತಕ್ಕುದಲ್ಲ, ಅದನ್ನು ನಾಶಮಾಡಬೇಕು. ಹೂ ದಟ್ಟವಾಗಲೆಂದು ಕಳ್ಳಬೆಳೆಗಾರರು ಬಳಸುವ ಬೆಳವಣಿಗೆ ತಡೆಯುವ ರಾಸಾಯನಿಕಗಳು ಇನ್ನೂ ಕಳವಳಕಾರಿ. ಅವುಗಳಲ್ಲೊಂದಾದ ಡ್ಯಾಮಿನೊಜೈಡ್ ಅನ್ನು ಕ್ಯಾನ್ಸರ್‌ ಭಯದಿಂದ 1989ರಲ್ಲಿ ಅಮೆರಿಕದ ಆಹಾರ ಬೆಳೆಗಳಿಂದ ಹಿಂತೆಗೆಯಲಾಯಿತು. ಇನ್ನೊಂದಾದ ಪ್ಯಾಕ್ಲೊಬ್ಯುಟ್ರಜಾಲ್ ಮಾವಿನ ತೋಟಗಳಲ್ಲಿ ‘ಕಲ್ಟಾರ್’ ಎಂಬ ಹೆಸರಿನಲ್ಲಿ ಬುಡಕ್ಕೆ ಹಾಕುವ ವಸ್ತುವೇ, ಆದರೆ ಮರದ ಬುಡಕ್ಕೆ ಹಾಕುವುದಕ್ಕೂ ಹೊಗೆಯಾಗಿ ಶ್ವಾಸಕೋಶ ಸೇರುವ ಹೂವಿಗೆ ಸಿಂಪಡಿಸುವುದಕ್ಕೂ ಹೋಲಿಕೆಯಿಲ್ಲ.

ಕಾನೂನಿನ ಗಡಿಗಳೂ ಇಲ್ಲಿ ಮುಖ್ಯ. 2018ರಲ್ಲಿ ಕೆನಡಾ ಭಂಗಿಯನ್ನು ಕಾನೂನುಬದ್ಧಗೊಳಿಸಿತು. ಅದೇ ವರ್ಷ ಅಮೆರಿಕ ಶೇ 0.3ಕ್ಕಿಂತ ಹೆಚ್ಚು ಟಿಎಚ್‌ಸಿ ಇಲ್ಲದ ತಳಿಗಳನ್ನು ಸಾಮಾನ್ಯ ಬೆಳೆಯೆಂದು ಒಪ್ಪಿತು. ಹೆಣ್ಣು ಬೀಜದ ವ್ಯಾಪಾರ ಬೆಳೆದಿರುವುದು ಇಂಥ ದೇಶಗಳಲ್ಲಿ. ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಭಂಗಿ ಗಿಡ ಬೆಳೆದರೆ ಹತ್ತು ವರ್ಷಗಳವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ನಾರು, ಬೀಜ ಅಥವಾ ತೋಟಗಾರಿಕೆಗಾಗಿ ಬೆಳೆಯಲು ಅನುಮತಿ ನೀಡುವ ಅವಕಾಶ ಆ ಕಾಯ್ದೆಯ 14ನೆಯ ಕಲಮಿನಲ್ಲಿದ್ದು, ಉತ್ತರಾಖಂಡ 2018ರಲ್ಲಿ ಅದನ್ನು ಬಳಸಿಕೊಂಡಿತು.

ಮಿಡಿಸೌತೆಯ ಹೊಲದಲ್ಲಿ

ಕನ್ನಡ ನಾಡಿನಲ್ಲಿ ಈ ವಿಜ್ಞಾನ ಕಾನೂನಿನ ಯಾವ ತಂಟೆಯೂ ಇಲ್ಲದೆ ನೆಲೆಸಿರುವುದು ಬೇರೊಂದು ಬೆಳೆಯಲ್ಲಿ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾದ ಗರ್ಕಿನ್, ಎಂದರೆ ಮಿಡಿಸೌತೆಯ ಕೃಷಿ, ಇಂದು ಭಾರತವನ್ನು ಜಗತ್ತಿನ ದೊಡ್ಡ ರಫ್ತುದಾರ ದೇಶವನ್ನಾಗಿ ಮಾಡಿದೆ. ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ ಸಣ್ಣ ರೈತರು ಸುಮಾರು 90 ದಿನಗಳ ಈ ಬೆಳೆಯಲ್ಲಿ ಬೆರಳಿನ ಗಾತ್ರದ ಕಾಯಿಗಳನ್ನು ದಿನವೂ ಬಿಡಿಸಬೇಕು, ಒಂದು ದಿನ ತಪ್ಪಿದರೆ ಕಾಯಿ ಬಲಿತು ದರ ಇಳಿಯುತ್ತದೆ. ಕಾಯಿ ಬಿಡುವುದು ಹೆಣ್ಣು ಹೂವಿನಿಂದ ಮಾತ್ರ. ಸಾಮಾನ್ಯ ಸೌತೆ ಬಳ್ಳಿ ಮೊದಲು ಗಂಡು ಹೂಗಳನ್ನೇ ಬಿಟ್ಟು ಕಾಲ ಕಳೆಯುವುದರಿಂದ, ಗೆಣ್ಣುಗೆಣ್ಣಿಗೂ ಹೆಣ್ಣು ಹೂವನ್ನೇ ಬಿಡುವ ತಳಿಗಳು ಇಂಥ ಕೃಷಿಗೆ ಬೇಕು. ಆದರೆ ಗಂಡು ಹೂವೇ ಇಲ್ಲದ ತಳಿಯನ್ನು ಮುಂದಿನ ತಲೆಮಾರಿಗೆ ದಾಟಿಸುವುದು ಹೇಗೆ? ಇದಕ್ಕೆ ಉತ್ತರವಾಗಿ 1960ರಲ್ಲಿ ಅಮೆರಿಕದ ಸೌತೆ ತಳಿವಿಜ್ಞಾನಿಗಳು ಜಿಬ್ಬರೆಲಿನ್ ಬಳಸಿದ್ದರು. 1976ರಲ್ಲಿ ಬೇಯರ್ ತೋರಿಸಿದ ಬೆಳ್ಳಿ ಆ ಜಾಗಕ್ಕೆ ಬಂದಿತು. ಸೌತೆಯಲ್ಲೂ ಭಂಗಿಯಂತೆಯೇ ಎಥಿಲೀನ್ ಹೆಣ್ಣಿನ ಪರ.

ಆದ್ದರಿಂದ ಮಿಡಿಸೌತೆಯ ಹೊಲದಲ್ಲಿ ಬೆಳಗಿನ ಹೊತ್ತು ಬಳ್ಳಿ ಎತ್ತಿ ನೋಡಿದರೆ ಕಾಣುವುದು ಹೂವಿನ ಹಿಂದೆ ಪುಟ್ಟ ಮುಳ್ಳುಕಾಯಿ ಹೊತ್ತ ಹೆಣ್ಣು ಹೂಗಳ ಸಾಲು. ಗಂಡು ಹೂವೇನಾದರೂ ಸಿಕ್ಕರೆ ಅದು ಪರಾಗಕ್ಕೆಂದು ಬೀಜದ ಪೊಟ್ಟಣದಲ್ಲೇ ಬೆರೆಸಿ ಕೊಟ್ಟ ಬೇರೆ ತಳಿಯ ಬಳ್ಳಿಯದು. ಪರಾಗವಿಲ್ಲದೆಯೇ ಕಾಯಿ ಕಟ್ಟುವ ತಳಿಯಾದರೆ ಅದೂ ಇರುವುದಿಲ್ಲ. ಈ ಹೆಣ್ಣು ತಳಿಯನ್ನು ಉಳಿಸಿಕೊಂಡು ಬಂದ ಗಂಡು ಹೂವನ್ನು ರೈತರು ಕಾಣುವುದೇ ಇಲ್ಲ. ಅದು ಎಲ್ಲೋ ಒಂದು ಬೀಜೋತ್ಪಾದನೆಯ ತಾಕಿನಲ್ಲಿ, ಬೆಳ್ಳಿಯ ದ್ರಾವಣ ಸಿಂಪಡಿಸಿದ ಕೆಲವೇ ಬಳ್ಳಿಗಳ ಮೇಲೆ, ಕೆಲವೇ ದಿನಗಳ ಮಟ್ಟಿಗೆ ಅರಳಿ, ತನ್ನಂತೆ ಗಂಡು ಹೂ ಬಿಡುವ ಒಂದು ಬಳ್ಳಿಯನ್ನೂ ಹುಟ್ಟಿಸದೆ ಉದುರಿಹೋಗಿರುತ್ತದೆ.